ಲೋಕಣ್ಣನ ದನಿಗೆ ಮಾಡಿದ ಸನ್ಮಾನ

ಆಗೆಲ್ಲ ಶ್ರೀನಗರದ ನಮ್ಮ ಬೀದಿಗೆ ಬೆಳಗಾಗುತ್ತಿದ್ದದ್ದು ನಲ್ಲಿಯಿಂದ. ನೀರು ಬಿಟ್ಟರೆಂದು ಗೊತ್ತಾದ ಕೂಡಲೇ ಎಲ್ಲ ಮನೆಗಳಲ್ಲೂ ಬಿಂದಿಗೆ, ಬಕೆಟ್ಟುಗಳ ಸದ್ದು. ನಮ್ಮ ಮನೆಯಲ್ಲಿ ಮಾತ್ರ ಅದರ ಜೊತೆಗೆ ಇನ್ನೊಂದು ಸದ್ದು ಸೇರುತ್ತಿತ್ತು. ಮಹಡಿಯ ಮೇಲಿನ ಶೀಟಿನ ರೂಮಿನಲ್ಲಿ ಬಾಡಿಗೆಗಿದ್ದ ಲೋಕಣ್ಣ ಕಿಟಕಿ ತೆರೆದು ‘ಸಾ...’ ಎಂದು ಹಿಡಿದನೆಂದರೆ, ಕೆಳಗಿನಿಂದ ನಮ್ಮಜ್ಜಿಯ ದನಿ ಅದಕ್ಕಿಂತ ಒಂದು ಮೆಟ್ಟಿಲು ಮೇಲೇರುತ್ತಿತ್ತು.

“ಲೋಕೇಶ, ಮೊದ್ಲು ಬಂದು ನೀರು ಹಿಡ್ಕೊಳೋ! ನಿನ್ನ ಸರಿಗಮ ಎಲ್ಲೂ ಓಡ್ಹೋಗಲ್ಲ, ನೀರು ಹೋಗತ್ತೆ!”

“ಬಂದೇ ಅಜ್ಜೀ” ಎಂದು ಅದೇ ಶ್ರುತಿಯಲ್ಲಿ ಎಳೆದು ಹೇಳಿ ಲೋಕಣ್ಣ ಎರಡು ಬಕೆಟ್ಟು ಹಿಡಿದು ಧಡಧಡ ಇಳಿದು ಬರುತ್ತಿದ್ದ. ಅಜ್ಜಿ ಬೈಯುತ್ತಲೇ ಅವನ ಬಕೆಟ್ಟು ಮೊದಲು ತುಂಬಿಸಿಕೊಡುತ್ತಿದ್ದರು. ನಿಮ್ಮ ಬೀದಿಯಲ್ಲೂ ಇಂಥವನೊಬ್ಬ ಇದ್ದಿರಬೇಕು. ಆಗಿನ ಕಾಲಕ್ಕೆ ಬೆಂಗಳೂರಿನ ಪ್ರತಿ ಮೂರನೇ ಮನೆಯ ಮಹಡಿಯ ಮೇಲೂ ಏನಾದರೊಂದು ಆಗಲು ಬಂದವನೊಬ್ಬ ಸ್ಟೌ ಮೇಲೆ ಅನ್ನಕ್ಕಿಟ್ಟುಕೊಂಡು ಕೂತಿರುತ್ತಿದ್ದ.

ಲೋಕಣ್ಣ ಆಗಲು ಬಂದಿದ್ದದ್ದು ಸಿನಿಮಾ ಹಾಡುಗಾರ. ಊರು ಹುಳಿಯಾರು. ಅವರಪ್ಪ ರಂಗಪ್ಪನವರದು ಅಲ್ಲಿ ಮೈಕ್‌ಸೆಟ್ಟಿನ ಅಂಗಡಿ. ಮದುವೆ, ನಾಟಕ, ಹರಿಕಥೆ, ಎಲೆಕ್ಷನ್ನು, ಸಾವು, ಏನೇ ಇರಲಿ ಸುತ್ತಿನ ಹಳ್ಳಿಗಳಿಗೆಲ್ಲ ಅವರದೇ ಹಾರ್ನು. ಮೈಕು ಟೆಸ್ಟ್ ಮಾಡಲು ಮಗನನ್ನು ನಿಲ್ಲಿಸಿ ‘ಹಲೋ ಹಲೋ’ ಅನ್ನಿಸುತ್ತಿದ್ದರಂತೆ. ಇವನು ಹಲೋ ಅನ್ನುವ ಬದಲು ಒಂದು ಪಲ್ಲವಿ ಹಾಡಿಬಿಡುತ್ತಿದ್ದ. ಜನ ಚಪ್ಪಾಳೆ ಹೊಡೆದರು. ಅಲ್ಲಿಗೆ ಹುಡುಗ ಕೆಟ್ಟ, ಎಂದು ರಂಗಪ್ಪನವರೇ ಹೇಳುತ್ತಿದ್ದರು.

ಅವರು ಮಗನನ್ನು ಕಳಿಸುವಾಗ ಒಂದು ಮಾತು ಕಟ್ಟುಮಾಡಿ ಕಳಿಸಿದ್ದರು. ಒಂದೇ ಒಂದು ಸಿನಿಮಾದಲ್ಲಿ ನಿನ್ನ ದನಿ ಬರಲಿ, ಆಮೇಲೆ ನೀನು ಬೆಂಗಳೂರಲ್ಲೇ ಇರು, ನಾನು ಕೇಳಲ್ಲ. ಬರಲಿಲ್ಲವೋ, ಈ ದೀಪಾವಳಿಗೆ ವಾಪಸ್ ಬಂದು ಅಂಗಡಿ ನೋಡಿಕೋ, ಹೆಣ್ಣು ನೋಡ್ತೀವಿ. ಈ ಕರಾರು ನಮ್ಮ ಬೀದಿಗೆಲ್ಲ ಗೊತ್ತಿತ್ತು. ನಲ್ಲಿಯ ಹತ್ತಿರ ನಿಂತ ಹೆಂಗಸರು ಅವನನ್ನು ನೋಡಿದೊಡನೆ “ಏನಪ್ಪಾ, ದೀಪಾವಳಿ ಹತ್ರ ಬಂತಲ್ಲ” ಎಂದು ಕಾಲೆಳೆಯುತ್ತಿದ್ದರು. ಅವನು ನಗುತ್ತಿದ್ದ. ಆದರೆ ಅವರಪ್ಪನ ಫೋನು ಬಂದಾಗ ಮಾತ್ರ ನಮ್ಮ ಹಾಲಿನಲ್ಲಿ ನಿಂತು, ಬೆನ್ನು ಸೆಟೆಸಿಕೊಂಡು, ಶಾಲೆಯ ಹುಡುಗನ ಹಾಗೆ ಮಾತಾಡುತ್ತಿದ್ದ.

ನಾನಾಗ ಐದನೇ ಕ್ಲಾಸು ಮುಗಿಸಿ ಬೇಸಿಗೆ ರಜದಲ್ಲಿದ್ದೆ. ಅಪ್ಪ ಕೆಲಸದ ಮೇಲೆ ಬೇರೆ ಊರಿನಲ್ಲಿದ್ದರು, ಮನೆಯಲ್ಲಿ ಅಜ್ಜಿ, ಅಮ್ಮ, ನಾನು. ಬೆಳಿಗ್ಗೆ ಅಜ್ಜಿಗೆ ಸಂಡಿಗೆ ಇಡಲು ಸಹಾಯ, ಮಧ್ಯಾಹ್ನ ಚೌಕಾಬಾರ, ಬಿಸಿಲು ಇಳಿದ ಮೇಲೆ ಬೀದಿಯಲ್ಲಿ ಕುಂಟೆಬಿಲ್ಲೆ. ನಮ್ಮ ಬೀದಿ ಇಳಿಜಾರು, ಬಿಲ್ಲೆ ಕೈತಪ್ಪಿದರೆ ಕೆಳಗಿನ ಕ್ರಾಸಿನ ಚರಂಡಿಯಲ್ಲೇ ಹುಡುಕಬೇಕು. ಸಂಡಿಗೆ ಹಿಟ್ಟಿನ ಹಸಿಮೆಣಸು, ಇಂಗಿನ ವಾಸನೆ ನನ್ನ ಕೈಯಿಂದ ಆ ಬೇಸಿಗೆಯಿಡೀ ಹೋಗಲಿಲ್ಲ.

ಅಂಥ ಒಂದು ಮಧ್ಯಾಹ್ನ ಲೋಕಣ್ಣ ಜಾಮೂನಿನ ಪೊಟ್ಟಣ ಹಿಡಿದು ಬಂದ. ಒಂದು ಸಿನಿಮಾಕ್ಕೆ ಟ್ರ್ಯಾಕ್ ಹಾಡಿ ಬಂದಿದ್ದ.

“ಟ್ರ್ಯಾಕ್ ಅಂದ್ರೆ?” ಎಂದೆ.

“ದೊಡ್ಡ ಸಿಂಗರ್ ಬಾಂಬೆಯಿಂದ ಬಂದು ಹಾಡೋದು ಲೇಟಾಗುತ್ತೆ ಪುಟ್ಟಿ. ಅಲ್ಲೀವರ್ಗೂ ಶೂಟಿಂಗ್ ನಿಲ್ಬಾರ್ದಲ್ಲ, ಅದಕ್ಕೆ ನಮ್ಮಂಥೋರ ಕೈಲಿ ಹಾಡ್ಸಿ ಇಟ್ಕೊಂಡಿರ್ತಾರೆ. ಬಸ್ಸಲ್ಲಿ ಕಿಟ್ಕಿಯಿಂದ ಟವಲ್ ಹಾಕಿ ಸೀಟ್ ಹಿಡೀತಾರಲ್ಲ, ಹಂಗೆ.”

ಅಜ್ಜಿ ಒಳಗಿನಿಂದಲೇ ಕೇಳಿಸಿಕೊಂಡರು. “ಟವಲ್ ಹಾಕಿದೋನಿಗೇ ಅಲ್ವೇನೋ ಸೀಟು?”

“ಇದು ಬೇರೆಯವ್ರಿಗೆ ಹಿಡಿಯೋ ಸೀಟು ಅಜ್ಜಿ” ಎಂದ ಲೋಕಣ್ಣ. ಆಮೇಲೆ ತಡೆಯಲಾರದೆ, ದನಿ ತಗ್ಗಿಸಿ, ಗುಟ್ಟು ಹೇಳುವವನಂತೆ ಹೇಳಿದ. “ಆದ್ರೆ ಈ ಸಲ ಮ್ಯೂಸಿಕ್ ಡೈರೆಕ್ಟರ್ ಬೆನ್ನು ತಟ್ಟಿದ್ರು. ಅವ್ರ ಡೇಟ್ ಸಿಗ್ಲಿಲ್ಲ ಅಂದ್ರೆ ನಿಂದೇ ಇಟ್ಕೊತೀವಿ ಕಣೋ ಅಂದ್ರು. ನೋಡಣ.”

ಅಜ್ಜಿಗೆ ಕೇಳಿಸಿದ್ದು ಕೊನೆಯ ಅರ್ಧ ಮಾತ್ರ. ಸಂಜೆಯೊಳಗೆ ಇಡೀ ಬೀದಿಗೆ ಅದೇ ಸುದ್ದಿಯಾಯಿತು: ನಮ್ಮ ಲೋಕೇಶ ಸಿನಿಮಾಕ್ಕೆ ಹಾಡಿದ್ದಾನೆ.

ಸಿನಿಮಾದ ಹೆಸರು ಬೇಡ ಬಿಡಿ, ಹೇಳಿದರೆ ನಿಮ್ಮಲ್ಲಿ ಅರ್ಧ ಜನ ಈಗಲೇ ಆ ಹಾಡು ಗುನುಗಲು ಶುರುಮಾಡುತ್ತೀರಿ. ಕತೆ ನಗಿಸುವಂಥದ್ದು. ಸಣ್ಣ ಊರಿನ ಹುಡುಗನೊಬ್ಬ ಹಾಡುಗಾರನಾಗಲು ಬೆಂಗಳೂರಿಗೆ ಬಂದು, ಮಹಡಿಯ ಮೇಲಿನ ರೂಮಿನಲ್ಲಿದ್ದುಕೊಂಡು, ಎಲ್ಲೆಲ್ಲೋ ಎಡವಿ, ಮದುವೆಮನೆಗಳಲ್ಲಿ ಹೊಡೆತ ತಿಂದು, ಕೊನೆಗೆ ದೊಡ್ಡ ವೇದಿಕೆಯ ಮೇಲೆ ಗೆಲ್ಲುತ್ತಾನೆ. ಕತೆ ಕೇಳಿದ ಅಮ್ಮ “ಇದು ನಿಂದೇ ಕಣೋ ಲೋಕೇಶ” ಎಂದಳು. “ಕೊನೆ ರೀಲು ಒಂದು ಬಿಟ್ಟು ಅಕ್ಕ” ಎಂದ ಅವನು. ಸಿನಿಮಾದವರಿಗೆ ಚಿತ್ರೀಕರಣಕ್ಕೆ ಒಂದು ಶೀಟಿನ ರೂಮು ಬೇಕಾಗಿತ್ತು. ನಾನಿರೋ ರೂಮೇ ಇದೆಯಲ್ಲ ಸಾರ್ ಎಂದು ಲೋಕಣ್ಣನೇ ಬಾಯಿಬಿಟ್ಟು ಹೇಳಿ ಕರೆತಂದಿದ್ದ.

ಅಬ್ಬಾ, ಆ ಶೂಟಿಂಗು! ಬೆಳಗಾಗುವಷ್ಟರಲ್ಲಿ ನಮ್ಮ ಇಳಿಜಾರು ಬೀದಿಯಲ್ಲಿ ವ್ಯಾನುಗಳು ಹಿಂದಕ್ಕೆ ಜಾರದಂತೆ ಚಕ್ರಕ್ಕೆ ಕಲ್ಲು ಕೊಟ್ಟುಕೊಂಡು ನಿಂತಿದ್ದವು. ಮಹಡಿ ಹತ್ತಿದ ಮೊದಲ ತಂಡವನ್ನು ಅಜ್ಜಿ ಮೆಟ್ಟಿಲಲ್ಲೇ ತಡೆದರು. ಮೇಲೆ ಬಿಳಿ ಪಂಚೆಯ ಮೇಲೆ ಅವರ ಸಂಡಿಗೆ ಒಣಗುತ್ತಿತ್ತು.

“ಇವತ್ತು ಒಂದು ಬಿಸಿಲು ಬೇಕು. ನಾಳೆ ತೆಗೀತೀನಿ, ನಾಳೆ ಬನ್ನಿ.”

“ಅಮ್ಮಾ, ಹೀರೋ ಡೇಟ್ ಇವತ್ತೇ ಇರೋದು” ಎಂದ ಮ್ಯಾನೇಜರು ಕೈಮುಗಿದು.

“ಸಂಡಿಗೆ ಡೇಟೂ ಇವತ್ತೇ” ಎಂದರು ಅಜ್ಜಿ.

ನಿರ್ದೇಶಕರು ಬುದ್ಧಿವಂತರು. ಸಂಡಿಗೆ ಅಲ್ಲೇ ಇರಲಿ, ಚೆನ್ನಾಗಿ ಕಾಣುತ್ತೆ, ಹೀರೋ ಅದರ ಸುತ್ತ ಓಡಾಡಿ ಹಾಡಲಿ ಎಂದರು. ನೀವು ಆ ಸಿನಿಮಾ ನೋಡಿದ್ದರೆ, ಆ ಹಾಡಿನಲ್ಲಿ ಕಾಣುವ ಸಂಡಿಗೆಯಲ್ಲಿ ಅರ್ಧ ನಾನು ಇಟ್ಟದ್ದು. ಸಂಜೆಯಷ್ಟರಲ್ಲಿ ಲೈಟಿನವರು ಬಾಯಾಡಿಸಿ ಬಾಯಾಡಿಸಿ ಪಂಚೆ ಖಾಲಿ ಮಾಡಿದ್ದರು, ಅದು ಬೇರೆ ವಿಷಯ.

ಲೋಕಣ್ಣ ಹಿಂದಿನ ದಿನವೆಲ್ಲ ಕೂತು ರೂಮು ತೊಳೆದು, ಹೊಸ ಕರ್ಟನ್ನು ಹಾಕಿ, ಊದಿನಕಡ್ಡಿ ಹಚ್ಚಿಟ್ಟಿದ್ದ. ಕಲಾ ನಿರ್ದೇಶಕ ಬಾಗಿಲಲ್ಲಿ ನಿಂತು ಮುಖ ಸಿಂಡರಿಸಿದ. “ಇಲ್ಲಿ ಇನ್ನೂ ಸ್ವಲ್ಪ ಬಡತನ ಬೇಕಲ್ಲ.” ಕರ್ಟನ್ನು ಕಿತ್ತರು. ಗೋಡೆಗೆ ಮಳೆನೀರು ಸೋರಿದ ಹಾಗೆ ಬಣ್ಣ ಬಳಿದರು. ಎಲ್ಲಿಂದಲೋ ತಂದ ಸೊಟ್ಟ ಪಾತ್ರೆಗಳನ್ನು ಜೋಡಿಸಿದರು. ಸಂಜೆ ಅವರು ಹೊರಡುವಾಗ ಅಜ್ಜಿ ಮತ್ತೆ ಮೆಟ್ಟಿಲಿಗೆ ಅಡ್ಡ ನಿಂತು “ಗೋಡೆಗೆ ಬಳಿದಿರೋ ಬಡತನ ಒರೆಸಿಕೊಟ್ಟು ಹೋಗಿ” ಎಂದದ್ದನ್ನು ನಮ್ಮ ಬೀದಿ ಬಹಳ ಕಾಲ ಹೇಳಿಕೊಂಡು ನಕ್ಕಿತು.

ರೂಮು ಸಿದ್ಧವಾದ ಮೇಲೆ ಹಾಡು ಹಾಕಿದರು. ನೀರಿನ ಟ್ಯಾಂಕಿನ ಪಕ್ಕ ಇಟ್ಟಿದ್ದ ಎರಡು ದೊಡ್ಡ ಸ್ಪೀಕರುಗಳಿಂದ, ವಾದ್ಯಗಳ ಜೊತೆ, ಲೋಕಣ್ಣನ ದನಿ.

‘ಊರು ಬಿಟ್ಟು ಬಂದೆ ನೋಡು, ಜೇಬಿನಲ್ಲಿ ಬರಿಯ ಹಾಡು...’

ದಿನಾ ಕೇಳುತ್ತಿದ್ದ ದನಿಯೇ. ಆದರೂ ಎಲ್ಲರೂ ಕೈಲಿದ್ದ ಕೆಲಸ ಬಿಟ್ಟು ಕತ್ತೆತ್ತಿ ನಿಂತುಬಿಟ್ಟರು. ಎದುರು ಮನೆಯ ತಾರಸಿ, ಪಕ್ಕದ ಮನೆಯ ಕಿಟಕಿ, ಕೆಳಗೆ ಬೀದಿ, ಎಲ್ಲ ಕಡೆ ಜನ. ನನಗಂತೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಾನು ಇವನಿಗೆ ಕಾಫಿ ಕೊಂಡೊಯ್ದು ಕೊಡುವವಳು, ಗೊತ್ತಾ ನಿಮಗೆ, ಎಂದು ಕಿರುಚಿ ಹೇಳಬೇಕೆನ್ನಿಸಿತು.

ಹೀರೋ ಪಾಪ ಒಳ್ಳೆಯವನು, ಆದರೆ ಹಾಡಿಗೂ ಅವನಿಗೂ ಸಂಬಂಧವೇ ಇರಲಿಲ್ಲ. ತುಟಿ ಒಂದು ಕಡೆ, ಹಾಡು ಒಂದು ಕಡೆ. ಕೊನೆಗೆ ಲೋಕಣ್ಣನನ್ನೇ ಕರೆದರು. ಅವನು ಕ್ಯಾಮೆರಾ ಪಕ್ಕ ನಿಂತು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಕಣ್ಣು ಮುಚ್ಚಬೇಕು ಎಂದು ತೋರಿಸಿಕೊಟ್ಟ. ಹೀರೋ ಅವನನ್ನೇ ನೋಡುತ್ತಾ ಹಾಗೇ ಮಾಡಿದ. ಮುಗಿದ ಮೇಲೆ ಅವನ ಹೆಗಲ ಮೇಲೆ ಕೈಹಾಕಿ “ಗುರು, ನಿನ್ನ ವಾಯ್ಸು ಸಖತ್ತಾಗಿ ಮ್ಯಾಚ್ ಆಗ್ತಿದೆ ನಂಗೆ. ಇದನ್ನೇ ಇಡಕ್ಕೆ ನಾನೂ ಹೇಳ್ತೀನಿ” ಎಂದ. ಲೋಕಣ್ಣನ ಮುಖ ಆಗ ಹೇಗಾಯಿತೆಂದು ನಾನು ಹತ್ತಿರದಿಂದ ನೋಡಿದೆ. ಅಷ್ಟು ಖುಷಿಯಾದ ಮನುಷ್ಯನನ್ನು ಆಮೇಲೆ ನಾನು ಹೆಚ್ಚು ಕಂಡಿಲ್ಲ.

ಅವನು ಧಡಧಡ ಇಳಿದು ಬಂದು ನಮ್ಮ ಫೋನಿನಿಂದ ಹುಳಿಯಾರಿಗೆ ಕರೆ ಮಾಡಿದ. ಮೇಲೆ ಮತ್ತೆ ಹಾಡು ಶುರುವಾಗುತ್ತಿತ್ತು. ರಿಸೀವರನ್ನು ನನ್ನ ಕೈಗೆ ಕೊಟ್ಟು “ಕಿಟ್ಕಿಯಿಂದಾಚೆ ಹಿಡಿ ಪುಟ್ಟಿ, ಅಪ್ಪಯ್ಯ ಕೇಳ್ಲಿ” ಎಂದ. ನಾನು ವೈರು ಎಳೆದಷ್ಟೂ ಎಳೆದು ಸರಳಿನ ಆಚೆ ಕೈ ಚಾಚಿ ನಿಂತೆ. ಹಾಡು ಮುಗಿದ ಮೇಲೆ ಅವನು ಫೋನು ತೆಗೆದುಕೊಂಡು “ಕೇಳಿಸ್ತಾ ಅಪ್ಪಯ್ಯ?” ಎಂದರೆ ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು, ರಂಗಪ್ಪನವರದು ಅಷ್ಟು ದೊಡ್ಡ ಗಂಟಲು.

“ಕೇಳಿಸ್ತು. ಸೌಂಡಲ್ಲಿ ಬೇಸು ಜಾಸ್ತಿ ಕೊಟ್ಟವ್ರೆ. ಕಮ್ಮಿ ಮಾಡಕ್ ಹೇಳು.” ಆಮೇಲೆ, “ದನಿ ಚೆಂದಾಗೈತೆ ಕಣ್ಲಾ” ಎಂದರು.

ಕ್ಯಾಸೆಟ್ಟು ಬಂದದ್ದು ಶ್ರಾವಣದಲ್ಲಿ. ನಾನೇ ಓಡಿಹೋಗಿ ಮೂಲೆಯ ಅಂಗಡಿಯಿಂದ ತಂದೆ. ಅಮ್ಮ ಗ್ಯಾಸು ಆರಿಸಿ ಬಂದಳು, ಪಕ್ಕದ ಮನೆಯವರು ಬಂದರು. ಲೋಕಣ್ಣ ಆಗಷ್ಟೇ ಹೊರಗಿನಿಂದ ಬಂದಿದ್ದ, ಚಪ್ಪಲಿ ಕೂಡ ಬಿಡದೆ ಹೊಸ್ತಿಲಲ್ಲೇ ನಿಂತ. ಹಾಡು ಶುರುವಾಯಿತು. ಅದೇ ವಾದ್ಯ, ಅದೇ ಸಾಲು. ನುಣುಪಾಗಿ, ಜೇನು ಸುರಿದ ಹಾಗೆ, ಪ್ರತಿ ಸಾಲಿನ ಕೊನೆಯಲ್ಲೂ ಒಂದು ಬಳುಕು.

ನಾನು ಲೋಕಣ್ಣನ ಕಡೆ ನೋಡಿದೆ. ಅವನು ಕ್ಯಾಸೆಟ್ಟಿನ ಡಬ್ಬಿ ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸುತ್ತಿದ್ದ. ಅದರ ಮೇಲೆ ಬಾಂಬೆಯ ದೊಡ್ಡ ಗಾಯಕನ ಹೆಸರಿತ್ತು.

“ನಿನ್ನ ಹೆಸರೇ ಇಲ್ವಲ್ಲೋ!” ಎಂದಳು ಅಮ್ಮ ಇಣುಕಿ.

ಅಜ್ಜಿ ಕೆಂಡವಾದರು. “ನೋಡಿದ್ಯಾ ಕಳ್ಳರನ್ನ! ದನಿ ನಮ್ಮ ಹುಡುಗಂದು, ಹೆಸರು ಅವನದ್ದು! ಕ್ಯಾಸೆಟ್ ಖರ್ಚಾಗ್ಲಿ ಅಂತ ದೊಡ್ಡೋರ ಹೆಸರು ಹಾಕ್ಕೊಂಡಿದಾರೆ.”

“ಆದ್ರೆ ದನಿ ಸ್ವಲ್ಪ ಬೇರೆ ಥರ ಇದೆ ಅಲ್ವಾ ಅಜ್ಜಿ?” ಎಂದು ಪಕ್ಕದ ಮನೆಯ ಆಂಟಿ ಅನುಮಾನಿಸಿದರು.

“ಮುಖಕ್ಕೆ ಮೇಕಪ್ ಮಾಡೋರು ದನಿಗೆ ಮಾಡಲ್ವೇನೇ? ನಮ್ಮನೆ ತಲೆ ಮೇಲೇ ಅಲ್ವಾ ಹಾಡು ಹಾಕಿದ್ದು? ಕಿವಿಯಾರೆ ಕೇಳಿದೀನಿ, ನನಗೇ ಹೇಳ್ತೀಯಾ?”

ಅಜ್ಜಿಯ ಮಾತಿಗೆ ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಕೇಳಿದ್ದೆವಲ್ಲ, ನಮ್ಮ ಮನೆಯ ಮೇಲೇ ಕೇಳಿದ್ದೆವು, ಸುಳ್ಳಾಗುವುದು ಹೇಗೆ? ಅಜ್ಜಿ “ಏನೋ ಲೋಕೇಶ, ಹೌದು ತಾನೇ?” ಎಂದಾಗ ಅವನು ಡಬ್ಬಿಯನ್ನು ಟೇಬಲ್ಲಿನ ಮೇಲಿಟ್ಟ.

“ಹ್ಞೂಂ ಅಜ್ಜಿ” ಎಂದ. ಆಮೇಲೆ, ಸ್ವಲ್ಪ ಕೆಲಸ ಇದೆ ಎಂದು ಮೇಲೆ ಹೋದ.

ಆ ಒಂದು ಹ್ಞೂಂ ಬಗ್ಗೆ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಇಲ್ಲ ಎಂದಿದ್ದರೆ ದೀಪಾವಳಿಗೆ ಗಂಟುಮೂಟೆ ಕಟ್ಟಬೇಕಿತ್ತು. ಅಷ್ಟೇ ಅಲ್ಲ, ಅಷ್ಟು ಪ್ರೀತಿಯಿಂದ ಜಗಳಕ್ಕೆ ನಿಂತಿದ್ದ ಅಜ್ಜಿಯನ್ನು ಅಷ್ಟು ಜನರ ಮುಂದೆ ಸುಳ್ಳು ಮಾಡಬೇಕಿತ್ತು. ಯಾರಿಗೆ ಮನಸ್ಸು ಬರುತ್ತದೆ ಹೇಳಿ. ಮಾರನೆಯ ದಿನದಿಂದ ಬೆಳಗಿನ ‘ಸಾ’ ನಿಂತಿತು. ಗಂಟಲು ಕಟ್ಟಿದೆ ಎಂದ. ಅಮ್ಮ ಮೆಣಸಿನ ಕಷಾಯ ಮಾಡಿ ಕಳಿಸಿದಳು.

ಸಿನಿಮಾ ಚೆನ್ನಾಗಿ ಓಡಿತು. ಬೀದಿಗೆ ಬೀದಿಯೇ ಹೋಗಿ ನೋಡಿ ಬಂದೆವು. ನಮ್ಮ ತಾರಸಿ ಪರದೆಯ ಮೇಲೆ ಬಂದಾಗ ಶಿಳ್ಳೆ, ಸಂಡಿಗೆ ಬಂದಾಗ ಅಜ್ಜಿಗೆ ಚಪ್ಪಾಳೆ. ಕೊನೆಯಲ್ಲಿ ಹೀರೋ ವೇದಿಕೆಯ ಮೇಲೆ ಗೆದ್ದು ಅಳುವಾಗ ನಾವೆಲ್ಲ ಅತ್ತೆವು. ಲೋಕಣ್ಣ ಕೆಲಸವಿದೆ ಎಂದು ಬಂದಿರಲಿಲ್ಲ. ಅಷ್ಟರಲ್ಲಿ ಹಾಡು ಎಫ್‌ಎಂನಲ್ಲಿ, ಆಟೋದಲ್ಲಿ, ಬೇಕರಿಯಲ್ಲಿ, ಎಲ್ಲೆಲ್ಲೂ ಬರತೊಡಗಿತ್ತು. ಬೀದಿಯ ಹುಡುಗರಿಗೆಲ್ಲ ಬಾಯಿಪಾಠ, ಬಳುಕಿನ ಸಮೇತ.

ಗಣೇಶನ ಹಬ್ಬ ಬಂತು. ನಮ್ಮ ಬೀದಿಯ ಗಣೇಶನ ಸಂಘಕ್ಕೆ ಗೋಪಿ ಎಂಬವನು ಮುಂದಾಳು. ಪ್ರತಿ ವರ್ಷ ಆರ್ಕೆಸ್ಟ್ರಾ ಇಡಿಸುತ್ತಿದ್ದವನು ಈ ಸಲ ಅನ್ಯಾಯ ಸರಿಪಡಿಸಲು ಹೊರಟ. ಕ್ಯಾಸೆಟ್ಟಿನವರು ಹೆಸರು ಹಾಕದಿದ್ದರೇನು, ನಾವು ಸನ್ಮಾನ ಮಾಡೋಣ ಎಂದ. ಕ್ರಾಸಿಗೆ ಅಡ್ಡಲಾಗಿ ಬ್ಯಾನರು ಬಿತ್ತು: ‘ಅಸಲಿ ಗಾಯಕ, ನಮ್ಮ ಬೀದಿಯ ಹೆಮ್ಮೆ ಲೋಕೇಶ್ ಅವರಿಗೆ ಸನ್ಮಾನ’. ಲೋಕಣ್ಣ ಬೇಡ ಗೋಪಿ, ಬೇಡ ಮಗಾ ಎಂದು ಎಷ್ಟು ಬೇಡಿಕೊಂಡರೂ ಅದು ಅವನ ದೊಡ್ಡ ಗುಣವೆಂದೇ ಎಲ್ಲರೂ ತಿಳಿದರು. ಅಜ್ಜಿ ಹುಳಿಯಾರಿಗೆ ತಾವೇ ಫೋನು ಮಾಡಿ ರಂಗಪ್ಪನವರನ್ನು ಕರೆದರು.

ರಂಗಪ್ಪನವರು ಸುಮ್ಮನೆ ಬರಲಿಲ್ಲ. ಆಂಪ್ಲಿಫೈಯರು, ಮೈಕು, ಎರಡು ಬಾಕ್ಸು, ಎಲ್ಲವನ್ನೂ ಬಸ್ಸಿನ ಮೇಲೆ ಹೇರಿಕೊಂಡು ಬಂದಿಳಿದರು. ಕುಳ್ಳಗೆ, ಬಿಳಿ ಶರ್ಟು ಪಂಚೆ, ಕಿವಿಯ ಮೇಲೆ ಒಂದು ಸಣ್ಣ ಸ್ಕ್ರೂಡ್ರೈವರು. “ನನ್ನ ಮಗನ ಸನ್ಮಾನಕ್ಕೆ ಬ್ಯಾರೆಯವ್ರ ಮೈಕ್ ಯಾಕೆ ತಾಯಿ?” ಎಂದು ಅಜ್ಜಿಗೆ ಕೈಮುಗಿದರು. ಲೋಕಣ್ಣ ಅವರ ಕಾಲಿಗೆ ನಮಸ್ಕಾರ ಮಾಡಿದವನು ಏಳಲು ಸ್ವಲ್ಪ ಹೊತ್ತು ತೆಗೆದುಕೊಂಡ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಕಾರ್ಯಕ್ರಮ. ಉಸ್ಲಿಯ ಒಗ್ಗರಣೆ, ಕರ್ಪೂರ, ಚೆಂಡುಹೂವಿನ ವಾಸನೆ. ಲೋಕಣ್ಣನಿಗೆ ಶಾಲು ಹೊದಿಸಿದರು, ಹಾರ ಹಾಕಿದರು, ಮೈಸೂರು ಪೇಟ ತೊಡಿಸಿದರು. ಪೇಟ ಸ್ವಲ್ಪ ದೊಡ್ಡದು, ಕಿವಿಯವರೆಗೆ ಇಳಿದಿತ್ತು. ಗೋಪಿ ಮೈಕು ಹಿಡಿದು, ಈಗ ಅಸಲಿ ಗಾಯಕರ ಬಾಯಲ್ಲೇ ಅಸಲಿ ಹಾಡು ಎಂದು ಕೂಗಿದ. ವೇದಿಕೆಯ ಪಕ್ಕ ರಂಗಪ್ಪನವರು ಆಂಪ್ಲಿಫೈಯರಿನ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದರು.

ಲೋಕಣ್ಣ ಕಣ್ಣು ಮುಚ್ಚಿ ಹಾಡಿದ. ವಾದ್ಯವಿಲ್ಲ, ಏನಿಲ್ಲ. ಊರು ಬಿಟ್ಟು ಬಂದೆ ನೋಡು ಎಂದು ನಿಧಾನವಾಗಿ, ಬಳುಕಿಲ್ಲದೆ, ಎದುರಿಗೆ ಕೂತವನಿಗೆ ವಿಷಯ ಹೇಳಿದ ಹಾಗೆ. ಎರಡು ಸಾಲು ಆಗುವಷ್ಟರಲ್ಲಿ ಮುಂದೆ ಕೂತಿದ್ದ ಮಕ್ಕಳು ಮುಖಮುಖ ನೋಡಿಕೊಂಡರು. ಹೆಂಗಸರ ಕಡೆ ಗುಸುಗುಸು. ಹಿಂದಿನಿಂದ ಯಾರೋ ಹುಡುಗ ಕೂಗಿದ.

“ಅಣ್ಣಾ, ಒರಿಜಿನಲ್ ಥರ ಹಾಡಣ್ಣಾ!”

ಕೆಟ್ಟ ಮನಸ್ಸಿನಿಂದ ಕೂಗಿದ್ದಲ್ಲ, ಅಭಿಮಾನದಿಂದಲೇ ಕೂಗಿದ್ದು. ಒಬ್ಬನ ಹಿಂದೆ ನಾಲ್ಕು ಜನ ಶುರುಮಾಡಿದರು, ಒರಿಜಿನಲ್, ಒರಿಜಿನಲ್ ಎಂದು. ಗೋಪಿಗೆ ಪೇಚಾಟ. ಓಡಿ ಬಂದು ರಂಗಪ್ಪನವರ ಕಿವಿಯ ಬಳಿ ಬಗ್ಗಿ, “ಅಂಕಲ್, ಮೈಕಲ್ಲಿ ಏನೋ ಪ್ರಾಬ್ಲಮ್ ಇದೆ ಅನ್ಸುತ್ತೆ. ವಾಯ್ಸ್ ಬೇರೆ ಥರ ಬರ್ತಿದೆ” ಎಂದ.

ರಂಗಪ್ಪನವರು ಗುಂಡಿಯ ಮೇಲಿಂದ ಕೈ ತೆಗೆಯಲಿಲ್ಲ. “ಮೈಕ್ ಸರಿಯಾಗೈತೆ” ಎಂದರು.

ವೇದಿಕೆಯ ಮೇಲೆ ಲೋಕಣ್ಣ ಹಾಡು ನಿಲ್ಲಿಸಿದ್ದ. ಅಪ್ಪನನ್ನೇ ನೋಡುತ್ತಿದ್ದ. ಆಮೇಲೆ ಪೇಟ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡ.

“ಇದೇ ನನ್ನ ದನಿ. ಸಿನಿಮಾದಲ್ಲಿರೋದು ನಂದಲ್ಲ. ಕ್ಯಾಸೆಟ್ ಮೇಲೆ ಇರೋ ಹೆಸರೇ ಸರಿ. ಮೊದ್ಲೇ ಹೇಳ್ಬೇಕಿತ್ತು, ಹೇಳಕ್ಕಾಗ್ಲಿಲ್ಲ. ಅಜ್ಜಿ, ಬೇಜಾರು ಮಾಡ್ಕೋಬೇಡಿ.”

ಇಷ್ಟೇ ಹೇಳಿ ಇಳಿದ. ಅಜ್ಜಿ ಕುರ್ಚಿಯಿಂದ ಎದ್ದು ನಿಂತರು. ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಗೋಪಿ, ಪಾಪ, ಇದ್ದ ಒಂದೇ ಉಪಾಯ ಮಾಡಿದ. ಕ್ಯಾಸೆಟ್ಟು ಹಾಕಿದ. ಹುಳಿಯಾರಿನಿಂದ ಬಂದಿದ್ದ ಬಾಕ್ಸುಗಳಿಂದ ಬಾಂಬೆಯ ದನಿ ಹೊರಟಿತು. ಹುಡುಗರು ಕುಣಿಯತೊಡಗಿದರು. ರಂಗಪ್ಪನವರು ಎದ್ದುಹೋಗಲಿಲ್ಲ, ಹಾಡು ಮುಗಿಯುವವರೆಗೂ ಅಲ್ಲೇ ಕೂತು ಸೌಂಡು ನೋಡಿಕೊಂಡರು. ನಾನು ಅಮ್ಮನ ಸೆರಗು ಹಿಡಿದುಕೊಂಡು ಜೋರಾಗಿ ಅತ್ತೆ. ಸಿನಿಮಾ ನೋಡಿ ಅತ್ತ ಹಾಗಲ್ಲ ಅದು.

ಮಾರನೆಯ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಕಾಫಿ ಲೋಟ ಹಿಡಿದು ಕೂತ ರಂಗಪ್ಪನವರು ಅಜ್ಜಿಗೆ ಹೇಳಿದರು. “ನಮ್ಮೂರ ಟಾಕೀಸಲ್ಲಿ ಮೊದ್ಲೇ ನೋಡಿದ್ದೆ ತಾಯಿ. ಒಂದು ಸಾಲಿಗೇ ಗೊತ್ತಾಯ್ತು ನಮ್ಮುಡುಗಂದಲ್ಲ ಅಂತ. ಇವ್ನೇ ಬಾಯ್ಬಿಟ್ಟು ಹೇಳ್ಲಿ ಅಂತ ಸುಮ್ಕಿದ್ದೆ.” ಆಮೇಲೆ ಮಗನ ಕಡೆ ತಿರುಗಿ, “ನೀನು ಇರಂಗಿದ್ರೆ ಇರ್ಲಾ. ದೀಪಾವಳಿ ಗೀಪಾವಳಿ ಎಲ್ಲ ಬಿಡು. ನೆನ್ನೆ ಚೆಂದಾಗ್ ಹಾಡ್ದೆ” ಎಂದರು.

ಅಮ್ಮನೂ ನಾನೂ ಒಟ್ಟಿಗೆ ಲೋಕಣ್ಣನ ಮುಖ ನೋಡಿದೆವು. ಇರುತ್ತಾನೆ ಎಂದೇ ಅಂದುಕೊಂಡೆವು.

“ಇಲ್ಲ ಅಪ್ಪಯ್ಯ, ಬರ್ತೀನಿ” ಎಂದ ಲೋಕಣ್ಣ. “ಸಿನಿಮಾದೋರು ತೆಗೆದುಹಾಕಿದ್ದಕ್ಕಲ್ಲ. ಅದು ಇದ್ದಿದ್ದೇ, ಇನ್ನೊಂದ್ ಕಡೆ ಹಾಡ್ತಿದ್ದೆ. ಆದ್ರೆ ಇವ್ರೆಲ್ಲ ದಿನಾ ಬೆಳಿಗ್ಗೆ ನನ್ನ ಕೇಳಿದೋರು. ಇವ್ರಿಗೇ ಗೊತ್ತಾಗ್ಲಿಲ್ಲ ಅಂದ್ಮೇಲೆ ನಾನು ಯಾರಿಗೆ ಹಾಡ್ಲಿ?”

ಕೋಪದಿಂದ ಹೇಳಿದ್ದಲ್ಲ, ಅದೇ ಕಷ್ಟ. ಅಜ್ಜಿ ಸೆರಗಿನಿಂದ ಕಣ್ಣು ಒತ್ತಿಕೊಂಡು “ಮುದುಕಿ ಕಿವಿ ಕಣೋ, ತಪ್ಪಾಯ್ತು” ಎಂದರು. ಅವನು ಓಡಿ ಬಂದು ಅವರ ಕೈ ಹಿಡಿದುಕೊಂಡ. ಮಧ್ಯಾಹ್ನದೊಳಗೆ ಅಪ್ಪ ಮಗ ಇಬ್ಬರೂ ಬಾಕ್ಸುಗಳನ್ನು ಆಟೋಗೆ ಹೇರಿಕೊಂಡು ಹೋದರು.

ಅಜ್ಜಿ ಈಗಿಲ್ಲ. ಮನೆ ಒಡೆದು ಅಪಾರ್ಟ್‌ಮೆಂಟು ಕಟ್ಟಿದರು, ನಾವು ಬನಶಂಕರಿಗೆ ಬಂದು ಎಷ್ಟೋ ಕಾಲವಾಯಿತು. ಇಲ್ಲಿ ನಮ್ಮ ಮೇಲಿನ ಮನೆಯಲ್ಲಿ ಯಾರಿದ್ದಾರೆಂದು ನನಗೆ ಗೊತ್ತಿಲ್ಲ. ಹಾಡಿದರೆ ಅಸೋಸಿಯೇಷನ್ ಗ್ರೂಪಿನಲ್ಲಿ ದೂರು ಬರುತ್ತದೆ. ಆದರೆ ಆ ಹಾಡು ಮಾತ್ರ ಸಾಯಲಿಲ್ಲ. ಮದುವೆಮನೆಗಳಲ್ಲಿ, ಟೀವಿಯ ಹಾಡಿನ ಸ್ಪರ್ಧೆಗಳಲ್ಲಿ, ನನ್ನ ಮಗಳ ಶಾಲೆಯ ವಾರ್ಷಿಕೋತ್ಸವದಲ್ಲೂ ಅದೇ. ಕೇಳಿದಾಗಲೆಲ್ಲ ನಾನು ಎದ್ದು ಆಚೆ ಹೋಗುತ್ತೇನೆ. ನನ್ನ ಗಂಡನಿಗೆ ಇದೊಂದು ತಮಾಷೆ.

ಹೋದ ವರ್ಷ ನೆಂಟರ ಮದುವೆಗೆಂದು ಹುಳಿಯಾರಿನ ಕಡೆ ಹೋದಾಗ ಛತ್ರದ ಸೌಂಡ್ ಬಾಕ್ಸಿನ ಮೇಲೆ ರಂಗಪ್ಪನವರ ಹೆಸರು ಕಂಡಿತು. ಕೇಳಿ ನಂಬರು ತೆಗೆದುಕೊಂಡು ಮನೆಗೆ ಬಂದ ಮೇಲೆ ಫೋನು ಮಾಡಿದೆ. ಹಲೋ ಎಂದ ಕೂಡಲೇ ಲೋಕಣ್ಣನೇ ಎಂದು ಗೊತ್ತಾಯಿತು. ಶ್ರೀನಗರದ ಅಜ್ಜಿಯ ಮೊಮ್ಮಗಳು ಎಂದೆ.

“ಯಾರು, ಪುಟ್ಟೀನಾ? ಅಯ್ಯೋ ನಮ್ಮವ್ವ, ಎಷ್ಟು ದೊಡ್ಡವ್ಳಾಗಿದೀಯೋ ಏನೋ!”

ಅಪ್ಪ ತೀರಿಕೊಂಡದ್ದು, ತನ್ನ ಮಗ ಅಂಗಡಿಗೆ ಡಿಜೆ ಹಾಕಿಸಿರುವುದು, ಎಲ್ಲ ಹೇಳಿದ. ಹಾಡ್ತೀಯಾ ಅಣ್ಣ ಎಂದರೆ ಮೈಕ್ ಟೆಸ್ಟಿಂಗಿಗೆ ಒಂದೊಂದ್ಸಲ ಎಂದು ನಕ್ಕ. ಅಂದಿನ ಟ್ರ್ಯಾಕು ಎಲ್ಲಾದರೂ ಉಳಿದಿದೆಯಾ ಎಂದು ಕೇಳಿದೆ. ಒಮ್ಮೆ ಸ್ಟುಡಿಯೋಗೆ ಹೋಗಿ ವಿಚಾರಿಸಿದ್ದನಂತೆ, ನಿನ್ನ ದನಿ ಅಳಿಸಿಯೇ ಅದರ ಜಾಗಕ್ಕೆ ಬಾಂಬೆಯವರದ್ದು ಕೂರಿಸಿದ್ದು ಎಂದರಂತೆ.

“ಹಾಗಾದ್ರೆ ಈಗ ಒಂದ್ಸಲ ಹಾಡಣ್ಣ. ನೀನು ಹಾಡ್ತಿದ್ದ ಥರ. ನಂಗೋಸ್ಕರ.”

ಅವನು ಬೇಡ ಬೇಡ ಎಂದು, ಆಮೇಲೆ ಕೆಮ್ಮಿ ಗಂಟಲು ಸರಿಮಾಡಿಕೊಂಡ. ನಾನು ಬಾಲ್ಕನಿಯ ಬಾಗಿಲು ಹಾಕಿಕೊಂಡು ಕಣ್ಣು ಮುಚ್ಚಿದೆ. ಲೋಕಣ್ಣ ಹಾಡಿದ. ದನಿ ದಪ್ಪವಾಗಿತ್ತು, ಆದರೆ ಚೆನ್ನಾಗಿಯೇ ಇತ್ತು. ಮೊದಲ ಸಾಲು ಮುಗಿಯುವಲ್ಲಿ ಅದು ಬಳುಕಿತು.

ಅವನೇ ನಿಲ್ಲಿಸಿದ. “ಅಲ್ಲ ಕಣವ್ವ, ಇದು ಅವ್ರ್ದು ಬಂತು. ತಡಿ.”

ಮತ್ತೆ ಶುರುಮಾಡಿದ. ಮತ್ತೆ ಅದೇ ಬಂತು. ಮೂರನೆಯ ಸಲ ಮೊದಲ ಪದಕ್ಕೇ ನಿಲ್ಲಿಸಿಬಿಟ್ಟ. ಆ ಕಡೆ ಅಂಗಡಿಯ ಮುಂದೆ ಬಸ್ಸೊಂದು ಹಾರ್ನು ಹೊಡೆದು ಹೋದದ್ದು ಕೇಳಿಸಿತು.

“ನಾನ್ ಹೆಂಗ್ ಹಾಡ್ತಿದ್ದೆ ಪುಟ್ಟಿ? ನಿಂಗೇನಾರ ನೆಪ್ಪೈತಾ?” ಎಂದ.

ನಾನು ಎಷ್ಟು ಪ್ರಯತ್ನಪಟ್ಟರೂ ನನ್ನ ಕಿವಿಯೊಳಗೂ ಬಾಂಬೆಯ ದನಿಯೇ ಹಾಡುತ್ತಿತ್ತು.